ಆಕ್ಸಿಜನ್ ಇಳಿದರೂ ಹಿರಿಯರ ಮೈ ಯಾಕೆ ದೂರುವುದಿಲ್ಲ?

ಕೋವಿಡ್‌ನ ಎರಡನೇ ಅಲೆಯಲ್ಲಿ ಎಷ್ಟೋ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಥರದ ಮಾತುಕತೆ ನಡೆದಿತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 84 ತೋರಿಸುತ್ತಿದೆ. ಎಪ್ಪತ್ತು ದಾಟಿದ ಅಪ್ಪ ಮಂಚದ ಮೇಲೆ ಕೂತು ಆರಾಮಾಗಿ ಟೀ ಕುಡಿಯುತ್ತಿದ್ದಾರೆ. "ದಮ್ಮು ಬರ್ತಿದೆಯಾ ಅಪ್ಪಾ?" ಅಂದರೆ, "ಇಲ್ವಲ್ಲೋ, ಸ್ವಲ್ಪ ಸುಸ್ತು ಅಷ್ಟೇ" ಅನ್ನುತ್ತಾರೆ. ಮಗನಿಗೆ ಮಿಷನ್ ಮೇಲೆಯೇ ಅನುಮಾನ. ತನ್ನ ಬೆರಳಿಗೆ ಹಾಕಿ ನೋಡುತ್ತಾನೆ. 98. ಮತ್ತೆ ಅಪ್ಪನ ಬೆರಳಿಗೆ. 83.

ಕೋವಿಡ್ ಕಾಲದಲ್ಲಿ ಇದಕ್ಕೆ 'ಹ್ಯಾಪಿ ಹೈಪಾಕ್ಸಿಯಾ' ಅಂತ ಹೆಸರು ಬಂತು, ಅಂದರೆ ಕಷ್ಟ ಗೊತ್ತಾಗದ ಆಕ್ಸಿಜನ್ ಕೊರತೆ. ಪತ್ರಿಕೆಗಳು ಇದನ್ನು ಹೊಸ ವೈರಸ್ಸಿನ ವಿಚಿತ್ರ ಗುಣ ಎಂಬಂತೆ ಬರೆದವು. ವೈರಸ್ಸಿನ ಪಾತ್ರ ಇದ್ದಿರಬಹುದು. ಆದರೆ ಕಥೆಯ ದೊಡ್ಡ ಭಾಗ ವೈರಸ್ಸಿಗಿಂತ ಹಳೆಯದು. ನಮ್ಮ ದೇಹ ಆಕ್ಸಿಜನ್ ಇಳಿದದ್ದನ್ನು ಪತ್ತೆ ಹಚ್ಚುವ ರೀತಿಯೇ ಹಾಗಿದೆ. ವಯಸ್ಸಾದಂತೆ, ಪತ್ತೆಯಾದದ್ದು ಬಾಯಿಗೆ ಬರುವ ದಾರಿ ಇನ್ನೂ ಮಸುಕಾಗುತ್ತದೆ. ಮನೆಯಲ್ಲಿ ವಯಸ್ಸಾದವರಿರುವ ಎಲ್ಲರೂ ಇದನ್ನು ತಿಳಿದುಕೊಳ್ಳಬೇಕು ಅಂತ ನನಗನ್ನಿಸುತ್ತದೆ. ಯಾಕೆಂದರೆ "ಅವರಿಗೇನೂ ಕಷ್ಟ ಆಗ್ತಿಲ್ಲ" ಅನ್ನುವುದನ್ನೇ ನಂಬಿ ನಾವು ಆಸ್ಪತ್ರೆಗೆ ಹೊರಡುವುದನ್ನು ನಾಳೆಗೆ ಹಾಕುತ್ತೇವೆ. 2011ರ ಜನಗಣತಿಯಲ್ಲೇ ಕರ್ನಾಟಕದ ಸುಮಾರು 9.5 ಶೇಕಡಾ ಜನ ಅರವತ್ತು ದಾಟಿದವರು. ಆ ಪಾಲು ಬೆಳೆಯುತ್ತಲೇ ಇದೆ.

ಕೊರಳಿನ ಒಳಗಿನ ಅಕ್ಕಿಕಾಳು

ಗಲ್ಲದ ಕೆಳಗೆ, ಗಂಟಲಿನ ಪಕ್ಕಕ್ಕೆ ಬೆರಳಿಟ್ಟರೆ ನಾಡಿ ಹೊಡೆದುಕೊಳ್ಳುವುದು ಸಿಗುತ್ತದೆ. ಅದು ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ. ಅದು ಎರಡಾಗಿ ಕವಲೊಡೆಯುವ ಜಾಗದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಗಂಟು ಇದೆ. ಎಡಕ್ಕೊಂದು, ಬಲಕ್ಕೊಂದು. ಹೆಸರು ಕೆರೋಟಿಡ್ ಬಾಡಿ. ತೂಕ ಹತ್ತು ಹದಿನೈದು ಮಿಲಿಗ್ರಾಂ. ಇಷ್ಟು ಸಣ್ಣದಾದರೂ, ತೂಕಕ್ಕೆ ಲೆಕ್ಕ ಹಾಕಿದರೆ ಮೈಯಲ್ಲಿ ಅತಿ ಹೆಚ್ಚು ರಕ್ತ ಹರಿಯುವ ಅಂಗಗಳಲ್ಲಿ ಇದೂ ಒಂದು. ಮೆದುಳಿಗೆ ಹೋಗುವ ರಕ್ತ ಹೇಗಿದೆ ಅಂತ ನೋಡುವುದೇ ಇದರ ಕೆಲಸ. ಕೂತ ಜಾಗವೂ ಅದಕ್ಕೆ ತಕ್ಕ ಹಾಗೇ ಇದೆ.

ಇದನ್ನು ಬಹಳ ಕಾಲ ಯಾವುದೋ ಗ್ರಂಥಿ ಅಂದುಕೊಂಡಿದ್ದರು. ಸ್ಪೇನಿನ ಮ್ಯಾಡ್ರಿಡ್‌ನ ವಿಜ್ಞಾನಿ ಫರ್ನಾಂಡೋ ಡಿ ಕಾಸ್ಟ್ರೋ 1920ರ ದಶಕದ ಕೊನೆಯಲ್ಲಿ ಸೂಕ್ಷ್ಮದರ್ಶಕದಲ್ಲಿ ಇದರ ನರಗಳ ಜೋಡಣೆಯನ್ನು ನೋಡಿ, ಇದು ರಕ್ತದ ರುಚಿ ನೋಡುವ ಅಂಗ ಇರಬೇಕು ಅಂತ ಊಹಿಸಿದರು. ಬೆಲ್ಜಿಯಂನ ಕಾರ್ನೀಲ್ ಹೇಮಾನ್ಸ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ತೋರಿಸಿಕೊಟ್ಟರು. 1938ರ ನೊಬೆಲ್ ಹೇಮಾನ್ಸ್ ಒಬ್ಬರಿಗೇ ಬಂತು. ಸ್ಪೇನ್ ಆಗ ಅಂತರ್ಯುದ್ಧದಲ್ಲಿ ಉರಿಯುತ್ತಿತ್ತು. ಡಿ ಕಾಸ್ಟ್ರೋ ಹೆಸರು ಇಂದಿಗೂ ಆ ಕ್ಷೇತ್ರದವರಿಗೆ ಮಾತ್ರ ಗೊತ್ತು. ಇದು ಅನ್ಯಾಯ ಅಂತ ಹೇಳುವವರ ಪೈಕಿ ನಾನೂ ಒಬ್ಬ.

ಇದು ಕೆಲಸ ಮಾಡುವ ಬಗೆ ಹೀಗೆ. ರಕ್ತದಲ್ಲಿ ಆಕ್ಸಿಜನ್ ಒತ್ತಡ ಇಳಿದರೆ ಇಲ್ಲಿ ಅದನ್ನು ಗುರುತಿಸುವ ಗ್ಲೋಮಸ್ ಎಂಬ ಕೋಶಗಳಲ್ಲಿ ಪೊಟಾಸಿಯಂ ಹೊರಗೆ ಹೋಗುವ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ರಾಸಾಯನಿಕಗಳು ಹೊರಗೆ ಸುರಿಯುತ್ತವೆ. ಪಕ್ಕದ ನರ ಆ ಸುದ್ದಿಯನ್ನು ಮೆದುಳಿನ ಬುಡಕ್ಕೆ ಮುಟ್ಟಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಉಸಿರು ಆಳವಾಗುತ್ತದೆ, ಜೋರಾಗುತ್ತದೆ. ಎಲ್ಲ ಜೀವಕೋಶಗಳೂ ಆಕ್ಸಿಜನ್ ಕೊರತೆಗೆ ನಿಧಾನವಾಗಿ ಹೊಂದಿಕೊಳ್ಳುವ ಬೇರೆ ವ್ಯವಸ್ಥೆಯೂ ಇದೆ. ಅದನ್ನು ಬಿಡಿಸಿ ತೋರಿಸಿದ ಸೆಮೆನ್ಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಅವರಿಗೆ 2019ರ ನೊಬೆಲ್ ಸಿಕ್ಕಿತು. ಅದಕ್ಕೆ ಗಂಟೆ, ದಿನಗಳು ಬೇಕು. ತಕ್ಷಣಕ್ಕೆ ಉಸಿರು ಹೆಚ್ಚಿಸುವ ಕೆಲಸ ಮುಖ್ಯವಾಗಿ ಕೊರಳಿನ ಈ ಜೋಡಿಯದೇ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ನಾವು ಕೂತಲ್ಲಿ ಕೂತಿರುವಾಗ ಉಸಿರಾಟವನ್ನು ನಡೆಸುವುದು ಆಕ್ಸಿಜನ್ ಅಲ್ಲ, ಕಾರ್ಬನ್ ಡೈಆಕ್ಸೈಡ್. ಅದು ಸ್ವಲ್ಪ ಏರಿದರೂ ಮೆದುಳಿನ ಬುಡದಲ್ಲಿರುವ ಸಂವೇದಕಗಳು ಸುಮ್ಮನಿರುವುದಿಲ್ಲ. ಉಸಿರು ಬಿಗಿಹಿಡಿದು ಕೂತಾಗ ಎದೆಯೊಳಗೆ ಏಳುವ ಚಡಪಡಿಕೆ ಬಹುಪಾಲು ಇದರದ್ದೇ. ಇನ್ನೊಂದು, ಕೆರೋಟಿಡ್ ಬಾಡಿ ಆಕ್ಸಿಜನ್ ಒತ್ತಡ 60 ಮಿಲಿಮೀಟರ್ ಪಾದರಸಕ್ಕಿಂತ ಕೆಳಗೆ ಇಳಿದ ಮೇಲೆಯೇ ಜೋರಾಗಿ ಕೂಗುವುದು. ಆಕ್ಸಿಮೀಟರ್ ಭಾಷೆಯಲ್ಲಿ ಅದು ಸುಮಾರು 90. ಅಂದರೆ 98ರಿಂದ 90ರವರೆಗಿನ ಇಳಿತ, ಎಳೆಯರಿರಲಿ ಮುದುಕರಿರಲಿ, ಬಹುತೇಕ ಸದ್ದಿಲ್ಲದೆ ನಡೆಯಬಹುದು.

ಕೋವಿಡ್ ಕಾಯಿಲೆಯ ಶುರುವಿನ ದಿನಗಳಲ್ಲಿ ರೋಗಿಗಳಿಗೆ ಆಗಿದ್ದೂ ಇದೇ. ಶ್ವಾಸಕೋಶ ಆಕ್ಸಿಜನ್ ಸರಿಯಾಗಿ ಎಳೆದುಕೊಳ್ಳುತ್ತಿರಲಿಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಸಲೀಸಾಗಿ ಹೊರಗೆ ಹೋಗುತ್ತಿತ್ತು. ಚಡಪಡಿಕೆ ಹುಟ್ಟಿಸುವ ಮುಖ್ಯ ಕಾರಣವೇ ಇಲ್ಲದ ಮೇಲೆ ಅಪ್ಪ ಆರಾಮಾಗಿ ಟೀ ಕುಡಿಯದೆ ಇನ್ನೇನು ಮಾಡಿಯಾರು?

ಇನ್ನೊಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಈ ಅಂಗ ಅಳೆಯುವುದು ರಕ್ತದಲ್ಲಿ ಕರಗಿರುವ ಆಕ್ಸಿಜನ್ನಿನ ಒತ್ತಡವನ್ನು. ಹಿಮೋಗ್ಲೋಬಿನ್ ಹೊತ್ತಿರುವ ಒಟ್ಟು ಆಕ್ಸಿಜನ್ ಎಷ್ಟು ಅನ್ನುವ ಲೆಕ್ಕ ಅದಕ್ಕೆ ಗೊತ್ತಿಲ್ಲ. ಹಾಗಾಗಿ ರಕ್ತಹೀನತೆ ಇರುವ ಅಜ್ಜಿಯ ಹಿಮೋಗ್ಲೋಬಿನ್ 7ಕ್ಕೆ ಇಳಿದಿದ್ದರೂ ಕೆರೋಟಿಡ್ ಬಾಡಿ ತೆಪ್ಪಗಿರುತ್ತದೆ, ಆಕ್ಸಿಮೀಟರೂ 98 ಅನ್ನುತ್ತದೆ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಕೂಗದೆ ಕುಸಿದು ಬೀಳುವುದರ ಹಿಂದೆಯೂ ಇದೇ ಇದೆ. ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿನ ಜಾಗ ಕಬಳಿಸುತ್ತದೆ. ಕರಗಿದ ಆಕ್ಸಿಜನ್ ಒತ್ತಡ ಮಾತ್ರ ಇದ್ದಂತೆಯೇ ಇರುತ್ತದೆ. ಕೊರಳಿನ ಕಾವಲಿಗೆ ಕಳ್ಳ ಕಾಣಿಸುವುದೇ ಇಲ್ಲ.

ವಯಸ್ಸು ಇದಕ್ಕೆ ಏನು ಮಾಡುತ್ತದೆ

ಮೊದಲು ಶ್ವಾಸಕೋಶ. ಮಧ್ಯವಯಸ್ಸು ದಾಟಿದ ಮೇಲೆ ಎದೆಗೂಡು ಬಿರುಸಾಗುತ್ತದೆ. ಗಾಳಿಗೂಡುಗಳ ಎಳೆತ ಕಮ್ಮಿಯಾಗುತ್ತದೆ. ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುತ್ತವೆ. ಬೀಡಿ ಸಿಗರೇಟು ಮುಟ್ಟದವರಲ್ಲೂ ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿ ವರ್ಷಕ್ಕೆ 25ರಿಂದ 30 ಮಿಲಿಲೀಟರಿನಷ್ಟು ಇಳಿಯುತ್ತದೆ. ಪರಿಣಾಮವಾಗಿ ರಕ್ತದ ಆಕ್ಸಿಜನ್ ಒತ್ತಡವೂ ತಗ್ಗುತ್ತದೆ. ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಒಂದು ಹಳೆಯ ಸೂತ್ರ ಇದೆ: 109ರಿಂದ ವಯಸ್ಸಿನ 0.43 ಪಟ್ಟನ್ನು ಕಳೆಯಿರಿ. ಇಪ್ಪತ್ತರಲ್ಲಿ ಸುಮಾರು 100, ಎಪ್ಪತ್ತರಲ್ಲಿ ಸುಮಾರು 79. ಆಕ್ಸಿಮೀಟರಿನಲ್ಲಿ ಇದು ಕಾಣಿಸುವುದು ಕಷ್ಟ. 79 ಅಂದರೂ 95ರ ಆಸುಪಾಸೇ ತೋರಿಸುತ್ತದೆ. ಆದರೆ 60ರ ಗೆರೆಗೆ ಹೋಗಲು ಇಪ್ಪತ್ತರವನಿಗೆ 40 ಅಂಕ ಇಳಿಯಬೇಕು, ಎಪ್ಪತ್ತರವರಿಗೆ 20 ಇಳಿದರೆ ಸಾಕು. ಒಂದು ನ್ಯುಮೋನಿಯಾ ಬಂದರೆ ಆ ದೂರ ಒಂದು ರಾತ್ರಿಯ ಮಾತು.

ಇನ್ನು ಕೆರೋಟಿಡ್ ಬಾಡಿ. ಮರಣೋತ್ತರವಾಗಿ ಪರೀಕ್ಷಿಸಿದ ಹಿರಿಯರ ಅಂಗಗಳಲ್ಲಿ ಗ್ಲೋಮಸ್ ಕೋಶಗಳ ಸುತ್ತ ಪೋಷಕ ಕೋಶಗಳು ದಟ್ಟವಾಗಿದ್ದವು, ನಾರು ಬೆಳೆದಿತ್ತು, ಕೆಲವರಲ್ಲಿ ಉರಿಯೂತದ ಕುರುಹುಗಳೂ ಇದ್ದವು. ಮುದಿ ಇಲಿಗಳಲ್ಲಿ ಸಂವೇದಕ ಕೋಶಗಳ ಪಾಲು ಕಮ್ಮಿಯಾಗಿದ್ದೂ ಕಂಡಿದೆ. ಇಷ್ಟನ್ನೇ ಓದಿದರೆ "ವಯಸ್ಸಾದಂತೆ ಅಂಗ ಸವೆಯುತ್ತದೆ, ಉಸಿರಿನ ಪ್ರತಿಕ್ರಿಯೆ ಕುಂದುತ್ತದೆ" ಅಂತ ಸುಲಭವಾಗಿ ತೀರ್ಮಾನಿಸಬಹುದು.

ಆ ತೀರ್ಮಾನಕ್ಕೆ ಬಲ ಕೊಟ್ಟದ್ದು 1973ರ ಒಂದು ಅಮೆರಿಕನ್ ಅಧ್ಯಯನ. ಕ್ರೋನೆನ್‌ಬರ್ಗ್ ಮತ್ತು ಡ್ರೇಜ್ ಎಂಬಿಬ್ಬರು 64ರಿಂದ 73 ವರ್ಷದ ಎಂಟು ಆರೋಗ್ಯವಂತ ಗಂಡಸರನ್ನು 22ರಿಂದ 30ರ ಎಂಟು ಯುವಕರ ಜೊತೆ ಹೋಲಿಸಿದರು. ಆಕ್ಸಿಜನ್ ಇಳಿಸಿದಾಗ ಹಿರಿಯರ ಉಸಿರು ಏರಿದ್ದು ಯುವಕರ ಕಾಲುಭಾಗದಷ್ಟು ಮಾತ್ರ. ಕಾರ್ಬನ್ ಡೈಆಕ್ಸೈಡ್‌ಗೆ ತೋರಿಸಿದ ಪ್ರತಿಕ್ರಿಯೆಯೂ ಸುಮಾರು 40 ಶೇಕಡಾ ಕಮ್ಮಿ. ಹೃದಯದ ಬಡಿತವೂ ಅಷ್ಟಾಗಿ ಏರಲಿಲ್ಲ. ಐವತ್ತು ವರ್ಷ ಈ ಫಲಿತಾಂಶ ಪಠ್ಯಗಳಲ್ಲಿ ಓಡಾಡಿದೆ.

ಎಂಟು ಜನ. ಅದೂ ಬರೀ ಗಂಡಸರು. ಅಷ್ಟರ ಮೇಲೆ ಅಷ್ಟು ದೊಡ್ಡ ಮಾತು ಕಟ್ಟಬಹುದಾ? ಆಮೇಲೆ ಬಂದ ಹಲವು ಅಧ್ಯಯನಗಳಲ್ಲಿ, ಕಾರ್ಬನ್ ಡೈಆಕ್ಸೈಡನ್ನು ಏರಿಳಿಯದಂತೆ ಹಿಡಿದಿಟ್ಟು ಅಳೆದಾಗ, ಆರೋಗ್ಯವಂತ ಹಿರಿಯರಿಗೂ ಕಿರಿಯರಿಗೂ ಅಂಥ ವ್ಯತ್ಯಾಸ ಸಿಗಲೇ ಇಲ್ಲ. 2012ರಲ್ಲಿ ಫ್ರಾನ್ಸಿನ ರಿಶಾಲೆ ಅವರ ತಂಡ 4,675 ಜನರ ದಾಖಲೆ ಮುಂದಿಟ್ಟಿತು. ಬೆಟ್ಟಕ್ಕೆ ಹೋಗುವ ಮುನ್ನ ತಪಾಸಣೆಗೆ ಬಂದವರು, 14ರಿಂದ 85 ವರ್ಷದವರು. ಕಡಿಮೆ ಆಕ್ಸಿಜನ್ನಿನ ಗಾಳಿ ಕೊಟ್ಟು ವ್ಯಾಯಾಮ ಮಾಡಿಸಿದಾಗ, ವಯಸ್ಸಾದಂತೆ ಹೃದಯದ ಪ್ರತಿಕ್ರಿಯೆ ತಗ್ಗಿದ್ದು ನಿಜ. ಆದರೆ ಗಂಡಸರಲ್ಲಿ ಉಸಿರಿನ ಪ್ರತಿಕ್ರಿಯೆ ವಯಸ್ಸಿನ ಜೊತೆ ಏರಿತ್ತು! ಹಳೆಯ ಪಠ್ಯಕ್ಕೆ ತದ್ವಿರುದ್ಧ.

ಯಾರ ಮಾತು ನಂಬಬೇಕು? ನನ್ನ ಓದಿನ ಮಟ್ಟಿಗೆ, ಆರೋಗ್ಯವಾಗಿ ಓಡಾಡಿಕೊಂಡಿರುವ ಎಪ್ಪತ್ತರ ವ್ಯಕ್ತಿಯ ಕೆರೋಟಿಡ್ ಬಾಡಿ ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಅಂಗದಲ್ಲಿ ನಾರು ಬೆಳೆದ ಮಾತ್ರಕ್ಕೆ ಅದು ಸತ್ತಿತು ಅಂತಲ್ಲ. ಆದರೆ ಬೆಟ್ಟ ಹತ್ತುವ ಮುನ್ನ ತಪಾಸಣೆಗೆ ಬರುವ ಹಿರಿಯರು ಬೇರೆ, ನಮ್ಮ ಮನೆಯ ಹಿರಿಯರು ಬೇರೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಬಿಪಿಗೆ ಮೆಟೊಪ್ರೊಲಾಲ್, ನಿದ್ದೆಗೆ ಆಲ್ಪ್ರಜೋಲಾಂ, ಮಂಡಿನೋವಿಗೆ ಟ್ರಮಡಾಲ್. ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿ ಸಂದೇಶವನ್ನೇ ಮಂದ ಮಾಡುತ್ತದೆ. ಮೆಟೊಪ್ರೊಲಾಲ್ ಹೃದಯ ಓಡುವುದನ್ನು ತಡೆದು ಒಂದು ಸುಳಿವನ್ನು ಅಳಿಸುತ್ತದೆ. ನಿದ್ದೆಮಾತ್ರೆ ಮತ್ತು ಟ್ರಮಡಾಲ್‌ನಂಥ ನೋವಿನ ಮಾತ್ರೆ ಉಸಿರಿನ ಕೇಂದ್ರವನ್ನೇ ತೂಕಡಿಸುವಂತೆ ಮಾಡುತ್ತವೆ, ಎರಡೂ ಸೇರಿದರೆ ಇನ್ನೂ ಜಾಸ್ತಿ. "ವಯಸ್ಸಾಯ್ತು" ಅಂತ ನಾವು ಒಂದೇ ಮಾತಲ್ಲಿ ಮುಗಿಸುವುದರಲ್ಲಿ ವಯಸ್ಸಿನ ಪಾಲಿಗಿಂತ ಮಾತ್ರೆ ಡಬ್ಬಿಯ ಪಾಲು ಹೆಚ್ಚಿರಬಹುದು.

ಕೊರತೆ ಇನ್ನೊಂದು ಕಡೆಯೂ ಇದೆ. ಉಸಿರು ಏರುವುದು ಬೇರೆ, ಉಸಿರು ಸಾಲುತ್ತಿಲ್ಲ ಅಂತ ಅನ್ನಿಸುವುದು ಬೇರೆ. ದಮ್ಮು ಕಟ್ಟಿದ ಭಾವನೆ ಕೊರಳಿನ ಸಂದೇಶ ಒಂದರಿಂದಲೇ ಹುಟ್ಟುವುದಿಲ್ಲ. ಎದೆಯ ಸ್ನಾಯುಗಳು, ಶ್ವಾಸನಾಳಗಳು, ಶ್ವಾಸಕೋಶದ ಒಳಗಿನ ನರತುದಿಗಳು ಎಲ್ಲ ಸೇರಿ ಅದನ್ನು ಹುಟ್ಟಿಸುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬಿದಾಗ ಕೆರಳುವ 'ಜೆ ರಿಸೆಪ್ಟರ್'ಗಳನ್ನು 1950ರ ದಶಕದಲ್ಲಿ ಕಂಡುಹಿಡಿದವರು ನಮ್ಮವರೇ ಆದ ಆಟರ್ ಸಿಂಗ್ ಪೈಂಟಲ್. ಮುಂದೆ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಈ ಕೆಲಸ ಬೆಳೆಸಿದರು. ಈ ಹಲವು ಮೂಲಗಳ ಸುದ್ದಿಯನ್ನು ಕೂಡಿಸಿ ಅರ್ಥ ಮಾಡಿಕೊಳ್ಳುವುದು ಮೆದುಳು. ವಯಸ್ಸಾದಂತೆ ಆ ಅರ್ಥವೇ ಮಸುಕಾಗುವುದನ್ನು 1992ರ ಒಂದು ಅಧ್ಯಯನ ತೋರಿಸಿತು. ಔಷಧ ಕೊಟ್ಟು ಶ್ವಾಸನಾಳಗಳನ್ನು ಕಿರಿಯರಲ್ಲೂ ಹಿರಿಯರಲ್ಲೂ ಒಂದೇ ಮಟ್ಟಕ್ಕೆ ಬಿಗಿಯಾಗಿಸಿದರು. ಅಳತೆಯಲ್ಲಿ ಬಿಗಿತ ಅಷ್ಟೇ ಇದ್ದರೂ, ತಮಗೆ ಕಷ್ಟವಾಗುತ್ತಿದೆ ಅಂತ ಹಿರಿಯರಿಗೆ ಅನ್ನಿಸಿದ್ದು ಕಮ್ಮಿ.

ಜೊತೆಗೆ ಮನುಷ್ಯನ ಸಹಜ ಉಪಾಯ ಒಂದಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂತಾದರೆ ಹಿರಿಯರು ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾರೆ. ಮೊದಲು ಸಂತೆಗೆ ಹೋಗುವುದು ನಿಲ್ಲುತ್ತದೆ. ಆಮೇಲೆ ಬೀದಿ ಕೊನೆಯ ದೇವಸ್ಥಾನ. ಆಮೇಲೆ ಜಗಲಿ. "ಯಾಕಮ್ಮಾ, ಈಗ ಹೊರಗೇ ಬರಲ್ಲ?" ಅಂದರೆ "ಮಂಡಿ ನೋವು" ಅನ್ನುತ್ತಾರೆ. ಮಂಡಿ ನೋವು ಇರುವುದೂ ನಿಜ. ಡಾಕ್ಟರ್ ಮುಂದೆ ಕೂತಾಗ "ದಮ್ಮು ಇದೆಯಾ" ಅಂದರೆ "ಇಲ್ಲ" ಅನ್ನುವುದೂ ಸುಳ್ಳಲ್ಲ. ದಮ್ಮು ಬರುವಂಥದ್ದನ್ನು ಅವರು ಮಾಡುತ್ತಲೇ ಇಲ್ಲವಲ್ಲ!

ರಾತ್ರಿಯ ಉಸಿರು

ಹಗಲಿನಲ್ಲಿ ಅಷ್ಟಿಷ್ಟು ಸರಿಹೋಗುವ ವ್ಯವಸ್ಥೆ ನಿದ್ದೆಯಲ್ಲಿ ಬಯಲಾಗುತ್ತದೆ. ನಿದ್ದೆ ಬಂದರೆ ಆಕ್ಸಿಜನ್‌ಗೂ ಕಾರ್ಬನ್ ಡೈಆಕ್ಸೈಡ್‌ಗೂ ಎಲ್ಲರ ಪ್ರತಿಕ್ರಿಯೆ ತಗ್ಗುತ್ತದೆ. ಗಂಟಲಿನ ಸ್ನಾಯು ಸಡಿಲವಾಗುತ್ತದೆ. ವಯಸ್ಸಾದವರಲ್ಲಿ ಗಂಟಲು ಇನ್ನೂ ಸುಲಭವಾಗಿ ಕುಸಿಯುತ್ತದೆ. ಹೆಂಗಸರಿಗೆ ಮುಟ್ಟು ನಿಲ್ಲುವವರೆಗೆ ಪ್ರೊಜೆಸ್ಟರಾನ್ ಹಾರ್ಮೋನು ಉಸಿರಿಗೆ ಒಂದು ಒತ್ತಾಸೆ ಕೊಡುತ್ತಿರುತ್ತದೆ. ಆಮೇಲೆ ಅದೂ ಇಲ್ಲ. ಅದಕ್ಕೇ ಐವತ್ತರ ನಂತರ ಹೆಂಗಸರಲ್ಲೂ ಗೊರಕೆ, ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಹೆಚ್ಚುವುದು. ನಮ್ಮಲ್ಲಿ ಅಪ್ಪನ ಗೊರಕೆ ತಮಾಷೆಯ ವಿಷಯ, ಅಮ್ಮನ ಗೊರಕೆ ಯಾರೂ ಎತ್ತದ ವಿಷಯ. ಎರಡೂ ತಪ್ಪು.

ಹೃದಯ ದುರ್ಬಲವಾಗಿರುವ ಹಿರಿಯರಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಉಸಿರು ಮೆಲ್ಲಗೆ ಏರುತ್ತಾ ಹೋಗುತ್ತದೆ, ಜೋರಾಗುತ್ತದೆ, ಮತ್ತೆ ಇಳಿಯುತ್ತದೆ, ಕೆಲವು ಸೆಕೆಂಡು ಪೂರ್ತಿ ನಿಂತೇ ಹೋಗುತ್ತದೆ. ಪಕ್ಕದಲ್ಲಿ ಮಲಗಿದವರ ಜೀವ ಬಾಯಿಗೆ ಬರುತ್ತದೆ. ಅಷ್ಟರಲ್ಲಿ ಮತ್ತೆ ಶುರು. ಒಂದು ಸುತ್ತಿಗೆ ಸಾಮಾನ್ಯವಾಗಿ 45ರಿಂದ 90 ಸೆಕೆಂಡು. ಡಬ್ಲಿನ್‌ನ ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ಇದನ್ನು ದಾಖಲಿಸಿದ್ದರಿಂದ ಅವರಿಬ್ಬರ ಹೆಸರಲ್ಲೇ ಕರೆಯುತ್ತಾರೆ. ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಬಿಸಿನೀರು ಬರುತ್ತದಲ್ಲ, ಅಷ್ಟರಲ್ಲಿ ನಾವು ಇನ್ನೂ ತಿರುಗಿಸಿ ಮೈ ಸುಟ್ಟುಕೊಂಡು, ಪೂರ್ತಿ ನಿಲ್ಲಿಸಿ, ಆಮೇಲೆ ತಣ್ಣೀರಿಗೆ ನಡುಗುತ್ತೇವಲ್ಲ, ಥೇಟ್ ಹಾಗೆ. ಸೋತ ಹೃದಯ ರಕ್ತವನ್ನು ನಿಧಾನವಾಗಿ ತಳ್ಳುವುದರಿಂದ ಶ್ವಾಸಕೋಶದ ಸುದ್ದಿ ಕೊರಳಿಗೆ ತಡವಾಗಿ ಮುಟ್ಟುತ್ತದೆ. ಕೆರೋಟಿಡ್ ಬಾಡಿ ಹಳೆಯ ಸುದ್ದಿಗೆ ಜೋರಾಗಿ ಪ್ರತಿಕ್ರಿಯಿಸುತ್ತದೆ. ಅಷ್ಟು ಉಸಿರಾಡಿದ ಮೇಲೆ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿದು ಉಸಿರೇ ನಿಲ್ಲುತ್ತದೆ.

ಅಂದರೆ ಇಲ್ಲಿ ತೊಂದರೆ ಅಂಗ ಮಂದವಾದದ್ದಲ್ಲ, ಅತಿಯಾಗಿ ಚುರುಕಾದದ್ದು. ಸ್ಲೀಪ್ ಅಪ್ನಿಯಾದಲ್ಲೂ ಹೀಗೇ. ರಾತ್ರಿಯಿಡೀ ಆಕ್ಸಿಜನ್ ಇಳಿದು ಏರಿ ಮಾಡುವುದರಿಂದ ಕೆರೋಟಿಡ್ ಬಾಡಿ ರೇಗಿದ ಸ್ಥಿತಿಯಲ್ಲೇ ಉಳಿದುಬಿಡುತ್ತದೆ. ಹಗಲಲ್ಲೂ ರಕ್ತನಾಳಗಳನ್ನು ಬಿಗಿಯುವ ನರಗಳಿಗೆ ಕುಮ್ಮಕ್ಕು ಕೊಟ್ಟು ಬಿಪಿ ಏರಿಸುತ್ತದೆ. ಷಿಕಾಗೊದಲ್ಲಿರುವ ಭಾರತ ಮೂಲದ ವಿಜ್ಞಾನಿ ನಂದೂರಿ ಪ್ರಭಾಕರ್ ಇದರ ಹಿಂದಿನ ರಾಸಾಯನಿಕ ಸರಪಳಿಯನ್ನು ಬಿಡಿಸುವುದರಲ್ಲಿ ಮುಂಚೂಣಿಯಲ್ಲಿದ್ದಾರೆ. ಮೂರ್ನಾಲ್ಕು ಮಾತ್ರೆಗೂ ಬಗ್ಗದ ಬಿಪಿ ಇರುವ ಹಿರಿಯರ ಗೊರಕೆಯ ಬಗ್ಗೆ ಡಾಕ್ಟರ್ ಕೇಳಿದರೆ ಅದಕ್ಕೆ ಕಾರಣ ಇದೆ.

ಹಾಗಾದರೆ ಕಿತ್ತೇ ಹಾಕಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಜಪಾನಿನ ಸರ್ಜನ್ ಕೊಮೈ ನಕಯಾಮ ಉಬ್ಬಸಕ್ಕೆ ಚಿಕಿತ್ಸೆ ಅಂತ ಸಾವಿರಾರು ಜನರ ಕೆರೋಟಿಡ್ ಬಾಡಿ ತೆಗೆದು 1961ರಲ್ಲಿ ವರದಿ ಮಾಡಿದರು. ಉಬ್ಬಸಕ್ಕೆ ಅದು ನಿಲ್ಲುವ ಚಿಕಿತ್ಸೆಯಾಗಲಿಲ್ಲ. ಎರಡೂ ಬದಿ ತೆಗೆಸಿಕೊಂಡವರಲ್ಲಿ ಆಕ್ಸಿಜನ್ ಇಳಿದರೂ ಉಸಿರು ಏರುತ್ತಿರಲಿಲ್ಲ ಅನ್ನುವುದು ಮಾತ್ರ ಖಚಿತವಾಯಿತು. 2016ರಲ್ಲಿ ಹಟಮಾರಿ ಬಿಪಿ ಇದ್ದ 15 ಜನರಲ್ಲಿ ಒಂದೇ ಬದಿಯದನ್ನು ತೆಗೆದ ಪ್ರಯೋಗ ಪ್ರಕಟವಾಯಿತು. ಕೆಲವರಿಗೆ ಬಿಪಿ ಇಳಿಯಿತು, ಎಲ್ಲರಿಗೂ ಅಲ್ಲ.

ಬೆಟ್ಟ ಮತ್ತು ಒಲೆ

ಐದು ವರ್ಷ ನಿಂತಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಕರ್ನಾಟಕದಿಂದ ಹೋಗುವವರಿಗೆ ಮುಜರಾಯಿ ಇಲಾಖೆ ಸಹಾಯಧನವನ್ನೂ ಕೊಡುತ್ತದೆ. ಪರಿಕ್ರಮದ ಡೋಲ್ಮಾ ಕಣಿವೆದಾರಿ 5,600 ಮೀಟರ್ ಮೀರಿದ್ದು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ವಿದೇಶಾಂಗ ಸಚಿವಾಲಯದ ಯಾತ್ರೆಗೆ 70ರ ವಯೋಮಿತಿ ಇದೆ, ತಪಾಸಣೆ ಇದೆ, ನಡುವೆ ತಂಗಿ ಹೊಂದಿಕೊಳ್ಳುವ ದಿನಗಳಿವೆ. ಕೇದಾರನಾಥ 3,583 ಮೀಟರ್. ಅಲ್ಲಿಗೆ ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷ. ನನಗೆ ಆತಂಕ ಹುಟ್ಟಿಸುವುದು ಕೈಲಾಸಕ್ಕಿಂತ ಈ ಕೆಲವೇ ನಿಮಿಷ.

ಎತ್ತರಕ್ಕೆ ಹೊಂದಿಕೊಳ್ಳುವುದು ಅಂದರೆ ಮೊದಲ ಹಂತದಲ್ಲಿ ಕೆರೋಟಿಡ್ ಬಾಡಿಯ ಕೆಲಸವೇ. ಎತ್ತರದಲ್ಲಿ ಕಳೆದ ದಿನಗಳು ಅದನ್ನು ದಿನದಿಂದ ದಿನಕ್ಕೆ ಚುರುಕು ಮಾಡುತ್ತವೆ, ಉಸಿರು ಹಂತಹಂತವಾಗಿ ಏರುತ್ತದೆ. ಹಿರಿಯರಿಗೂ ಇದು ಆಗುತ್ತದೆ. ಅಮೆರಿಕದ ಕೊಲರಾಡೋದಲ್ಲಿ 2,500 ಮೀಟರ್ ಎತ್ತರದ ವೇಲ್‌ಗೆ ಬಂದ 97 ಹಿರಿಯರನ್ನು, ಸರಾಸರಿ ವಯಸ್ಸು ಸುಮಾರು 70, ಐದು ದಿನ ಗಮನಿಸಿದ ಅಧ್ಯಯನದಲ್ಲಿ ಬೆಟ್ಟದ ಕಾಯಿಲೆ ಕಂಡದ್ದು 16 ಶೇಕಡಾ ಜನರಲ್ಲಿ ಮಾತ್ರ. ವಯಸ್ಸು ಅಂದಾಕ್ಷಣ ಬೆಟ್ಟ ಬೇಡ ಅನ್ನಬೇಕಿಲ್ಲ. ಆದರೆ ಆ ಚುರುಕಿಗೆ ದಿನಗಳು ಬೇಕು. ಬೆಳಿಗ್ಗೆ ತಪ್ಪಲಲ್ಲಿದ್ದವರು ಮಧ್ಯಾಹ್ನಕ್ಕೆ ಕೇದಾರದ ಸಾಲಿನಲ್ಲಿ ನಿಂತರೆ ಕೊರಳಿನ ಅಂಗಕ್ಕೆ ಹೊಂದಿಕೊಳ್ಳಲು ಹೊತ್ತೆಲ್ಲಿ? ಇಳಿದ ಆಕ್ಸಿಜನ್ನಿನ ಜೊತೆ ಚಳಿ, ಮೆಟ್ಟಿಲು, ಉಪವಾಸ ಸೇರಿ ಪೆಟ್ಟು ಬೀಳುವುದು ಮೊದಲೇ ಕಟ್ಟಿಕೊಂಡಿರುವ ಹೃದಯದ ರಕ್ತನಾಳಗಳಿಗೆ. 2022ರ ಚಾರ್‌ಧಾಮ್ ಯಾತ್ರೆಯಲ್ಲಿ ಸತ್ತವರ ಸಂಖ್ಯೆ ಇನ್ನೂರು ಮೀರಿತ್ತು. ಅವರಲ್ಲಿ ಹೃದಯದ ತೊಂದರೆಯಿಂದ ಹೋದವರೇ ಬಹಳ.

ಬೆಟ್ಟಕ್ಕೆ ಹೋಗದ ಅಜ್ಜಿಯರ ಕಥೆ ಬೇರೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರ ಮೇಲೆ ಅಲ್ಲಿನ ವೈದ್ಯ ಸಂಶೋಧಕರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಸೌದೆ ಒಲೆ ಮುಂದೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಅನ್ನುವುದನ್ನು ಗುಣಿಸಿ ಒಂದು ಅಂಕಿ ತೆಗೆಯುತ್ತಾರೆ. ಅದು 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಶ್ವಾಸನಾಳಗಳ ಉರಿಯೂತದ ಅಪಾಯ ಶುರು. ಹದಿನೆಂಟಕ್ಕೆ ಮದುವೆಯಾಗಿ ಬಂದು ಅರವತ್ತರವರೆಗೆ ದಿನಕ್ಕೆ ನಾಲ್ಕು ಗಂಟೆ ಒಲೆ ಊದಿದವಳ ಅಂಕಿ 168. ಒಂದು ಬೀಡಿಯನ್ನೂ ಸೇದದೆ! ಈಗ ಮನೆಯಲ್ಲಿ ಸಿಲಿಂಡರ್ ಇದೆ. ಹೊಗೆ ಮಾಡಿದ ಕೆಲಸ ಶ್ವಾಸಕೋಶದಲ್ಲಿ ಹಾಗೇ ಇದೆ.

ಇಂಥವರಲ್ಲಿ ಕಾಯಿಲೆ ಬಲಿತರೆ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಏರಿಯೇ ಇರುತ್ತದೆ, ಮೆದುಳು ಅದಕ್ಕೆ ಒಗ್ಗಿಹೋಗುತ್ತದೆ. ಆಗ ಆಂಬುಲೆನ್ಸಿನಲ್ಲಿ ಆಕ್ಸಿಜನ್ ಪೂರ್ತಿ ತಿರುಗಿಸಿಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಿ ರೋಗಿ ಮಂಪರಿಗೆ ಜಾರಬಹುದು. ಕೊರಳಿನ ಅಂಗ ಸುಮ್ಮನಾಗುವುದು ಇದರ ಒಂದು ಭಾಗ ಮಾತ್ರ. ಶ್ವಾಸಕೋಶದ ಒಳಗೆ ರಕ್ತ ಹಂಚಿಕೆ ಏರುಪೇರಾಗುವುದು ಹೆಚ್ಚು ಮುಖ್ಯ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್ ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಧಾರಾಳವಾಗಿ ಆಕ್ಸಿಜನ್ ಕೊಟ್ಟ ಗುಂಪಿನಲ್ಲಿ ನೂರಕ್ಕೆ 9 ಜನ, ಆಕ್ಸಿಮೀಟರ್ ಅಂಕಿ 88ರಿಂದ 92ರ ನಡುವೆ ನಿಲ್ಲುವಷ್ಟೇ ಕೊಟ್ಟ ಗುಂಪಿನಲ್ಲಿ 4 ಜನ ತೀರಿಕೊಂಡರು. ಮನೆಯಲ್ಲಿ ಆಕ್ಸಿಜನ್ ಕೊಡುವ ಯಂತ್ರ, ಅಂದರೆ ಕಾನ್ಸಂಟ್ರೇಟರ್ ಇಟ್ಟುಕೊಂಡವರು 'ಜಾಸ್ತಿ ಇದ್ದರೆ ಒಳ್ಳೆಯದು' ಅಂತ ನಾಬ್ ತಿರುಗಿಸುವ ಮೊದಲು ತಮ್ಮ ಹಿರಿಯರಿಗೆ ಎಷ್ಟರ ಗುರಿ ಅಂತ ಡಾಕ್ಟರಿಂದ ಬರೆಸಿಕೊಂಡಿರಬೇಕು.

ಮನೆಯಲ್ಲಿ ನೋಡುವುದು ಏನನ್ನು?

ಹಿರಿಯರ ಮಾತಿನ ಮೇಲೆ ಭಾರ ಹಾಕದೆ ಕಣ್ಣಿಗೆ ಕಾಣುವುದನ್ನು ಎಣಿಸಬೇಕು. ಅವರಿಗೆ ಗೊತ್ತಾಗದಂತೆ, ಎದೆ ಅಥವಾ ಹೊಟ್ಟೆ ಏಳುವುದನ್ನು ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 12ರಿಂದ 20 ಸಹಜ. ಕೂತಲ್ಲೇ 25 ಮುಟ್ಟಿದರೆ ಅವರು ಏನೇ ಹೇಳಲಿ, ಹೊರಡಿ. ಬ್ರಿಟನ್ನಿನ ಆಸ್ಪತ್ರೆಗಳ ಎಚ್ಚರಿಕೆ ಅಂಕಪಟ್ಟಿಯಲ್ಲೂ 25 ಮುಟ್ಟಿದ ಉಸಿರಿಗೆ ಗರಿಷ್ಠ ಅಂಕ. 2017ರ ಪರಿಷ್ಕರಣೆಯಲ್ಲಿ ಹೊಸದಾಗಿ ಶುರುವಾದ ಗೊಂದಲಕ್ಕೂ ಅಷ್ಟೇ ಅಂಕ ಕೊಟ್ಟರು. ನ್ಯುಮೋನಿಯಾ ತೀವ್ರತೆ ಅಳೆಯುವ 'ಕರ್ಬ್-65' ಅಂಕಪಟ್ಟಿಯಲ್ಲಿ 65 ದಾಟಿದ್ದಕ್ಕೇ ಒಂದು ಅಂಕವಿದೆ, ಗೊಂದಲಕ್ಕೆ ಒಂದಿದೆ, ಉಸಿರಿನ ಎಣಿಕೆಗೆ ಒಂದಿದೆ. 'ದಮ್ಮು ಬರ್ತಿದೆ' ಅನ್ನುವ ದೂರಿಗೆ ಅಂಕವೇ ಇಲ್ಲ. ನಿನ್ನೆವರೆಗೆ ಸರಿಯಿದ್ದ ಅಜ್ಜಿ ಇವತ್ತು ಮೊಮ್ಮಗನ ಹೆಸರು ತಪ್ಪು ಹೇಳಿದರೆ, ಊಟ ಬೇಡ ಅಂದರೆ, ಬಚ್ಚಲಿಗೆ ಹೋಗುವಾಗ ಬಿದ್ದರೆ, ಆಕ್ಸಿಜನ್ ಇಳಿದಿದೆಯಾ ಅಂತ ನೋಡುವುದು ಮೊದಲ ಕೆಲಸಗಳಲ್ಲಿ ಒಂದು.

ಆಕ್ಸಿಮೀಟರನ್ನು ಜಪಾನಿನ ಟಕುವೊ ಅಓಯಾಗಿ 1970ರ ದಶಕದಲ್ಲಿ ರೂಪಿಸಿದರು. ಇಡೀ ಜಗತ್ತು ಅದಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಆ ಉಪಕರಣ ಒಳ್ಳೆಯದು, ಆದರೆ ತಣ್ಣಗಾದ ಬೆರಳು, ನೈಲ್‌ಪಾಲಿಶ್, ಕಪ್ಪು ಬಣ್ಣದ ಚರ್ಮ ಅದರ ಲೆಕ್ಕ ತಪ್ಪಿಸಬಲ್ಲವು. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಚಾಳಿ ಇದೆ ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ನಾಡಿನವರು ಇದನ್ನು ನೆನಪಿಟ್ಟುಕೊಳ್ಳಬೇಕು. ಒಂದೇ ಸಲದ ಅಂಕಿಗಿಂತ, ಆರೋಗ್ಯವಾಗಿದ್ದಾಗ ಅವರದ್ದು ಎಷ್ಟಿರುತ್ತಿತ್ತು ಅನ್ನುವುದು ಮುಖ್ಯ. ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ತಿಂಗಳಿಗೊಮ್ಮೆ ಬರೆದಿಟ್ಟರೂ ಸಾಕು. ಯಾವಾಗಲೂ 97 ಇರುವವರಿಗೆ 93 ಒಂದು ಸುದ್ದಿ. ಯಾವಾಗಲೂ 91 ಇರುವ ಹೊಗೆ ಶ್ವಾಸಕೋಶದ ಅಜ್ಜಿಗೆ 91 ಸುದ್ದಿಯಲ್ಲ. ಕೂತಾಗ ಸರಿಯಿದ್ದದ್ದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಿಸಿದ ಮೇಲೆ ಇಳಿಯುತ್ತದಾ ಅಂತಲೂ ನೋಡಬೇಕು.

ಆಪರೇಷನ್ ಇದ್ದರೆ ಅನಸ್ತೇಷಿಯಾ ಡಾಕ್ಟರ್ ಬಂದು ಪ್ರಶ್ನೆ ಕೇಳುವಾಗ ಹಿರಿಯರ ಪಕ್ಕದಲ್ಲಿ ಮನೆಯವರು ಇರಿ. ಅನಸ್ತೇಷಿಯಾದ ಗಾಳಿ ಔಷಧಗಳು ತೀರಾ ಕಮ್ಮಿ ಪ್ರಮಾಣದಲ್ಲಿ ಮೈಯಲ್ಲಿ ಉಳಿದರೂ ಕೆರೋಟಿಡ್ ಬಾಡಿಯ ಪ್ರತಿಕ್ರಿಯೆಯನ್ನು ಕುಗ್ಗಿಸುತ್ತವೆ. ಎಚ್ಚರವಾದರು ಅಂತ ವಾರ್ಡಿಗೆ ಕಳಿಸಿದ ಮೇಲೂ ಅಂಗ ಇನ್ನೂ ಅರೆನಿದ್ದೆಯಲ್ಲಿರಬಹುದು. ರಾತ್ರಿ ಗೊರಕೆ ಹೊಡೆಯುತ್ತಾರೆ, ನಡುವೆ ಉಸಿರು ನಿಲ್ಲುತ್ತದೆ, ಮಲಗುವ ಮುನ್ನ ಒಂದು ನಿದ್ದೆಮಾತ್ರೆ ತಗೊಳ್ತಾರೆ ಅನ್ನುವುದನ್ನು ಹಿರಿಯರು ತಾವಾಗಿ ಹೇಳುವುದಿಲ್ಲ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಪಕ್ಕದ ಮಂಚದವರಿಗೆ ಗೊತ್ತಿರುತ್ತದೆ. ಆ ಮೂರನ್ನೂ ನೀವೇ ಹೇಳಿ, ಮಾತ್ರೆಯ ಹೆಸರಿನ ಸಮೇತ.